ಬೆಳಗಿನ ವಾಕಿಂಗೋ, ಸಂಜೆಯ ಭಜನೆಯೋ?

ನಿವೃತ್ತಿಯಾದ ಮೊದಲ ತಿಂಗಳು ಹಬ್ಬ. ಮೂರನೇ ತಿಂಗಳಿಗೆ ಮನೆಯವರೇ "ಎಲ್ಲರ ಹೋಗಿ ಬರ್ರಿ" ಅಂತಾರೆ. ಎಲ್ಲಿಗೆ?

ಹುಬ್ಬಳ್ಳಿಯಲ್ಲಿದ್ದರೆ ಉಣಕಲ್ ಕೆರೆ ದಂಡೆ ಅಥವಾ ನೃಪತುಂಗ ಬೆಟ್ಟದ ವಾಕಿಂಗ್ ಗುಂಪು ಸುಲಭ. ಚಂದಾ ಇಲ್ಲ, ಅರ್ಜಿ ಇಲ್ಲ. ನಾಲ್ಕು ದಿನ ಅದೇ ಹೊತ್ತಿಗೆ ಹೋದರೆ ಐದನೇ ದಿನ ಯಾರೋ "ಯಾವ ಆಫೀಸಿನ್ಯಾಗ ಇದ್ರಿ?" ಅಂತ ಕೇಳುತ್ತಾರೆ. ಮುಗೀತು, ನೀವು ಸೇರಿದಂತೆಯೇ. ನಡೆಯುವುದಕ್ಕಿಂತ ಆಮೇಲಿನ ಚಹಾ, ಹರಟೆಯೇ ಜಾಸ್ತಿ, ಅದು ಬೇರೆ ಮಾತು. ಮೊಣಕಾಲು ನೋವಿದ್ದವರಿಗೆ ಬೆಟ್ಟದ ಏರು ಬೇಡ, ಕೆರೆಯೇ ಸಾಕು. ಮಳೆಗಾಲದಲ್ಲಿ ಮಾತ್ರ ಎರಡೂ ಕೈಕೊಡುತ್ತವೆ.

ಓಣಿಯ ಭಜನಾ ಮಂಡಳಿಗೆ ಮಳೆಯ ಕಾಟವಿಲ್ಲ. ಕಂಠ ಚೆನ್ನಾಗಿರಬೇಕು ಅಂತೇನೂ ಇಲ್ಲ, ತಾಳ ಹಿಡಿದರೂ ಆಯ್ತು. ಹೆಣ್ಣುಮಕ್ಕಳಿಗೆ ಇದೇ ಹೆಚ್ಚು ಒಗ್ಗುತ್ತದೆ. ಆದರೆ ಹಾರ್ಮೋನಿಯಂ ಯಾರು ಬಾರಿಸಬೇಕು ಅನ್ನೋ ಜಗಳಕ್ಕೆ ತಯಾರಾಗಿರಿ.

ನಗೆಕೂಟ? 1995ರಲ್ಲಿ ಮುಂಬೈಯ ಪಾರ್ಕೊಂದರಲ್ಲಿ ಐದು ಜನರಿಂದ ಶುರುವಾದ ಪದ್ಧತಿ ಅದು. ಸುಮ್ನೆ ನಗಲು ನನಗೆ ನಾಚಿಕೆ.

ಓದುವ ಚಟವಿದ್ದರೆ ಧಾರವಾಡವೇ ಮೇಲು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಉಪನ್ಯಾಸ, ಪುಸ್ತಕ ಬಿಡುಗಡೆ ನಡೆಯುತ್ತಲೇ ಇರುತ್ತವೆ. ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿದರೆ ಆಯ್ತು. ಕೇಳುವುದಷ್ಟೇ ಕೆಲಸ, ಸ್ನೇಹ ಬೆಳೆಯುವುದು ನಿಧಾನ. ಒಂಟಿಯಾಗಿರುವವರು ಮೊದಲು ಕೆರೆ ದಂಡೆಗೇ ಹೋಗಲಿ, ಉಪನ್ಯಾಸ ಆಮೇಲೆ.