ಪೆರಿಯ ಕ್ಯಾಂಪಸ್ಸಿಗೆ ಸೇರುವ ಹುಡುಗಿಯರೇ, ‘ಕನ್ನಡದವರದ್ದೇ ಮನೆ’ ಅಂತ ಹೇಳಿ ಅಡ್ವಾನ್ಸ್ ಕೇಳಿದರೆ ಕೊಡಬೇಡಿ

ಈ ವರ್ಷ ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರುವವರು, ಅದರಲ್ಲೂ ಪೆರ್ಲ, ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ದಯವಿಟ್ಟು ಪೂರ್ತಿ ಓದಿ. ಹಾಸ್ಟೆಲ್ ಆಗುವವರೆಗೆ ಹೊರಗೆ ರೂಮು ಮಾಡಿಕೊಡ್ತೇನೆ ಅಂತ ಹೇಳಿಕೊಂಡು ತಿರುಗುವ ಒಬ್ಬ ಮನುಷ್ಯ ಇದ್ದಾನೆ. ಚಂದ ಕನ್ನಡ ಮಾತಾಡ್ತಾನೆ. ನನ್ನಿಂದ 8,500 ರೂಪಾಯಿ ತೆಗೊಂಡಿದ್ದಾನೆ. ಹೆಸರು ಹಾಕುವುದಿಲ್ಲ, ಹಾಕಿದರೆ ಕೇಸು ತಿರುಗಿ ನನ್ನ ಮೇಲೆಯೇ ಬರ್ತದೆ ಅಂತ ತಿಳಿದವರೊಬ್ಬರು ಹೇಳಿದ್ದಾರೆ. ಅವನ ಕ್ರಮ ಹೇಗೆ ಅಂತ ಬರೀತೇನೆ, ಗುರುತು ನೀವೇ ಹಿಡೀರಿ.

ಯೂನಿವರ್ಸಿಟಿಗೂ ಇವನಿಗೂ ಏನೂ ಸಂಬಂಧ ಇಲ್ಲ. ಇದನ್ನು ಮೊದಲೇ ಹೇಳಿಬಿಡ್ತೇನೆ, ಯಾಕೆಂದರೆ ಸಂಬಂಧ ಉಂಟು ಅಂತ ಅನಿಸುವ ಹಾಗೆ ಮಾತಾಡುವುದೇ ಅವನ ಬಂಡವಾಳ. ಪ್ರವೇಶ ಪರೀಕ್ಷೆ ಸಿಯುಇಟಿಯ ಪಟ್ಟಿ ಬಂದ ಕೂಡಲೇ ಹೊಸಬರೆಲ್ಲ ಸೇರಿ ವಾಟ್ಸಾಪ್ ಗುಂಪು ಮಾಡ್ತಾರಲ್ಲ, ಅದರೊಳಗೆ ಹೇಗೋ ಬಂದು ಕೂತಿರ್ತಾನೆ. ಯಾರಾದರೂ ‘ಹಾಸ್ಟೆಲ್ ಯಾವಾಗ ಸಿಗ್ತದೆ’ ಅಂತ ಕೇಳಿದರೆ ಗುಂಪಿನಲ್ಲಿ ಉತ್ತರ ಇಲ್ಲ, ನೇರ ನಮಗೆ ಮೆಸೇಜು. ನಾನು ಗುಂಪಿನಲ್ಲಿ ಕೇಳಿದ್ದು ಇಂಗ್ಲಿಷಿನಲ್ಲಿ. ಉತ್ತರ ಬಂದದ್ದು ಕನ್ನಡದಲ್ಲಿ. ‘ತಂಗೀ, ನೀನು ಪೆರ್ಲ ಕಡೆಯವಳಾ? ನಮ್ಮದು ಮುಳ್ಳೇರಿಯ.’

ಹೊರಗಿನವರಿಗೆ ಇದು ದೊಡ್ಡ ವಿಷಯ ಅಂತ ಕಾಣಲಿಕ್ಕಿಲ್ಲ. ನಾವು ಕಾಸರಗೋಡಿನ ಕನ್ನಡ ಮೀಡಿಯಂನಲ್ಲಿ ಕಲಿತವರು. ಮಲಯಾಳ ಕೇಳಿದರೆ ಅರ್ಥ ಆಗ್ತದೆ, ತಕ್ಕಮಟ್ಟಿಗೆ ಮಾತಾಡ್ತೇವೆ, ಆದರೆ ಓದ್ಲಿಕ್ಕೆ ಬರುವುದಿಲ್ಲ. ಪೆರ್ಲದಿಂದ ಬದಿಯಡ್ಕ ದಾಟಿ ಚೆರ್ಕಳದಲ್ಲಿ ಬಸ್ಸು ಬದಲಿಸಿ, ಪೊಯಿನಾಚಿಯಿಂದ ಆಚೆಗೆ ಹೋದರೆ ಬೋರ್ಡಿನಲ್ಲಿ ಕನ್ನಡ ಕಾಣುವುದೇ ಅಪರೂಪ. ಒಂದೇ ಜಿಲ್ಲೆ, ಆದರೂ ನಮ್ಮ ಮನೆಯವರಿಗೆ ಅದು ಮಂಗಳೂರಿಗಿಂತ ದೂರ. ದಿನಾ ಹೋಗಿ ಬರುವ ಅಂದರೆ ಆಟಿ ತಿಂಗಳ ಮಳೆಯಲ್ಲಿ, ಹೈವೇಯ ಆ ಅವಸ್ಥೆಯಲ್ಲಿ, ಬೆಳಗ್ಗೆ ಒಂಬತ್ತೂವರೆ ಕ್ಲಾಸಿಗೆ ಮುಟ್ಟುವುದು ಹೇಗೆ? ಅಂಥ ಹೊತ್ತಿಗೆ ಒಬ್ಬ ‘ತಂಗೀ’ ಅಂತ ಕನ್ನಡದಲ್ಲಿ ಮಾತಾಡಿದರೆ ಯಾರಿಗಾದರೂ ಸಮಾಧಾನ ಆಗ್ತದೆ.

ಅವನು ಹೇಳಿದ್ದು ಇಷ್ಟು. ಕ್ಯಾಂಪಸ್ಸಿನ ಪಕ್ಕದಲ್ಲೇ ಮನೆ, ನಡೆದು ಹೋಗಬಹುದು. ಒಂದು ರೂಮಿಗೆ ಮೂರೇ ಜನ. ಊಟ ನಮ್ಮ ಕಡೆಯದ್ದೇ, ಬೆಳಿಗ್ಗೆ ಗಂಜಿ ಬೇಕಾದರೆ ಗಂಜಿ, ಇಲ್ಲದಿದ್ದರೆ ದೋಸೆ. ಮತ್ತೆ ಮುಖ್ಯ ಮಾತು, ‘ಕನ್ನಡದ ಹುಡುಗಿಯರು ಮಾತ್ರ ಇರುವ ಮನೆ ತಂಗೀ, ಬೇರೆಯವರಿಗೆ ಕೊಡುವುದೇ ಇಲ್ಲ. ಕನ್ನಡ ಎಂ.ಎ.ಯವರೂ ಇದ್ದಾರೆ, ನಿನಗೆ ಬೇಜಾರೇ ಆಗ್ಲಿಕ್ಕಿಲ್ಲ.’

ಅಪ್ಪನ ಹತ್ತಿರ ಫೋನಿನಲ್ಲಿ ಮಾತಾಡಿದ. ಅಡಿಕೆಯ ರೇಟು ಕೇಳಿದ, ಮದ್ದು ಬಿಟ್ಟಾಯ್ತಾ ಅಂತ ಕೇಳಿದ, ‘ನಿಮ್ಮ ಮಗಳು ಅಂದರೆ ನನ್ನ ತಂಗಿ ಹಾಗೆ ಮಾವ’ ಅಂದ. ಮಾವ ಅಂತೆ! ಅಪ್ಪ ಫೋನು ಇಟ್ಟು, ‘ಒಳ್ಳೆ ಜನ ಕಾಣ್ತದೆ’ ಅಂದರು. 5,000 ಅಡ್ವಾನ್ಸ್, 3,500 ಮೊದಲ ತಿಂಗಳಿನದ್ದು. ಎರಡನ್ನೂ ಒಂದೇ ನಂಬರಿಗೆ ಗೂಗಲ್ ಪೇ ಮಾಡಿಸಿದ.

ಹೋದ ದಿನ ಅವನೇ ಬಸ್‌ಸ್ಟಾಪಿಗೆ ಬಂದಿದ್ದ. ಅಪ್ಪನ ಕೈಯಿಂದ ಬ್ಯಾಗು ಎಳೆದುಕೊಂಡು ತಾನೇ ಹೊತ್ತ. ಮನೆಯ ಜಗಲಿಯಲ್ಲಿ ಒಂದು ಅಚ್ಚು ಹಾಕಿದ ಕಾಗದ ಕೊಟ್ಟು ಸಹಿ ಹಾಕು ಅಂದ. ಪೂರಾ ಮಲಯಾಳ. ಇದು ಎಂತದ್ದು ಅಂತ ಅಪ್ಪ ಕೇಳಿದರು. ‘ಅದು ಸುಮ್ಮನೆ ರಶೀದಿ ಮಾವ, ಪಂಚಾಯತಿನವರು ಕೇಳಿದರೆ ತೋರಿಸ್ಲಿಕ್ಕೆ’ ಅಂದ. ನನ್ನ ಎಸ್ಸೆಸ್ಸೆಲ್ಸಿ ಒರಿಜಿನಲ್ ಕೂಡ ಕೇಳಿದ, ಪೊಲೀಸ್ ವೆರಿಫಿಕೇಶನ್ ಅಂತ ನೆಪ. ಅದೊಂದನ್ನು ಅಪ್ಪ ಕೊಡಲಿಲ್ಲ. ಒರಿಜಿನಲ್ ಸರ್ಟಿಫಿಕೇಟನ್ನು ಯೂನಿವರ್ಸಿಟಿಯೇ ನೋಡಿ ವಾಪಸು ಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ ಅಂತ ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿ 2018ರಲ್ಲೇ ಹೇಳಿದೆ. ರೂಮು ತೋರಿಸುವವನಿಗೆ ಅದು ಯಾಕೆ? ಯಾರೂ ಕೊಡಬೇಡಿ, ಏನೇ ನೆಪ ಹೇಳಲಿ.

ಅಪ್ಪ ಸಂಜೆಯ ಬಸ್ಸಿಗೆ ಹೋದರು. ಆಮೇಲೆ ಒಳಗೆ ಹೋಗಿ ನೋಡಿದರೆ ಮೂರಲ್ಲ, ಆರು ಮಂಚ. ಫೋಟೋದಲ್ಲಿ ಇದ್ದದ್ದು ಮೇಲಿನ ಮಾಳಿಗೆಯ ರೂಮು, ಅಲ್ಲಿ ಮನೆಯವರೇ ಇರುವುದು. ನಮ್ಮದು ಹಿಂದುಗಡೆ, ಶೀಟು ಹಾಕಿದ ಚಾವಡಿ. ಮಳೆ ಬಿದ್ದರೆ ಒಬ್ಬರು ಮಾತಾಡಿದ್ದು ಇನ್ನೊಬ್ಬರಿಗೆ ಕೇಳುವುದಿಲ್ಲ.

ಅದನ್ನಾದರೂ ತಡಕೊಳ್ತಿದ್ದೆ, ದೇವರಾಣೆ. ಊಟದ ಹೊತ್ತಿಗೆ ಉಳಿದವರ ಪರಿಚಯ ಆಯ್ತು. ಒಬ್ಬಳು ಒಡಿಶಾದವಳು. ಒಬ್ಬಳು ಬಿಹಾರದವಳು. ಇಬ್ಬರು ವಯನಾಡಿನವರು. ಒಬ್ಬಳು ತಮಿಳಿನವಳು. ನಾನು ಮೆಲ್ಲ ಕೇಳಿದೆ, ಇಲ್ಲಿ ಕನ್ನಡದವರು ಯಾವ ರೂಮಿನಲ್ಲಿ ಅಂತ. ಒಡಿಶಾದವಳು ನನ್ನ ಮುಖ ನೋಡಿ, ‘ಇಲ್ಲಿ ಹಿಂದಿಯವರು ಮಾತ್ರ ಅಂತ ನನಗೆ ಹೇಳಿದ್ದು’ ಅಂದಳು. ವಯನಾಡಿನ ಹುಡುಗಿ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, ‘ನಮಗೆ ಮಲಯಾಳಿಗಳದ್ದೇ ಮನೆ ಅಂತ ಹೇಳಿದ್ದು’ ಅಂದಳು. ತಮಿಳಿನ ಹುಡುಗಿ ಏನೂ ಹೇಳಲಿಲ್ಲ, ಜೋರಾಗಿ ನಕ್ಕಳು. ಅವಳಿಗೂ ಹಾಗೇ. ಅವರವರ ಭಾಷೆಯಲ್ಲಿ ಅವರವರ ಮನೆ. ಎಲ್ಲರಿಗೂ ಅದೇ ಮನುಷ್ಯ, ಅದೇ ಫೋಟೋ, ಎಲ್ಲರಿಗೂ ತಂಗಿ ಅಂತಲೇ, ಅವರವರ ಭಾಷೆಯ ತಂಗಿ.

ಅವರು ನಕ್ಕರು, ನಾನೂ ನಕ್ಕ ಹಾಗೆ ಮಾಡಿದೆ. ಒಳಗೆ ಹೊಟ್ಟೆ ಉರೀತಿತ್ತು. ಅಪ್ಪ ಅಷ್ಟರಲ್ಲಿ ಚೆರ್ಕಳ ಮುಟ್ಟಿರಬೇಕು, ಮೆಸೇಜು ಬಂತು, ‘ಕನ್ನಡದ ಮಕ್ಕಳು ಸಿಕ್ಕಿದರಾ?’ ಅಂತ. ಸಿಕ್ಕಿದರು ಅಂತ ಬರೆದೆ. ಇನ್ನೆಂತ ಬರೀಲಿ?

ಆ ರಾತ್ರಿಯೇ ಅವನಿಗೆ ಫೋನು ಮಾಡಿದೆ. ಅವನ ಉತ್ತರ ಕೇಳಿ. ‘ಕನ್ನಡದವರು ಮುಂದಿನ ವಾರ ಬರ್ತಾರೆ ತಂಗೀ, ನೀನೇ ಮೊದಲನೆಯವಳು, ನಿನ್ನಿಂದಲೇ ಶುರು.’ ನಾನೇ ಮೊದಲನೆಯವಳಾದರೆ ಮೊದಲು ಹೇಳಿದ ಆ ಎಂ.ಎ.ಯವರು ಎಲ್ಲಿ? ‘ಅವರು ಪಾಸಾಗಿ ಹೋದರಲ್ಲ.’ ಯಾರು ಪಾಸಾದದ್ದು, ಯಾವಾಗ? ಆ ಕಾಲದಿಂದ ಇರುವ ವಯನಾಡಿನ ಹುಡುಗಿಯೇ ಹೇಳಿದಳು, ಕನ್ನಡದವರು ಒಬ್ಬರೂ ಅಲ್ಲಿ ಇರಲೇ ಇಲ್ಲ ಅಂತ.

‘ನಡೆದು ಹೋಗುವಷ್ಟು ಹತ್ತಿರ’ ಅನ್ನುವುದರ ಕಥೆಯೂ ಇದೇ. ಕ್ಯಾಂಪಸ್ಸು 310 ಎಕ್ರೆ. ಮುರಕಲ್ಲಿನ ಪದವು, ಮೇಲೆ ನದಿಗಳ ಹೆಸರು ಇಟ್ಟ ಬ್ಲಾಕುಗಳು. ಅವನು ಅಳೆದದ್ದು ಕ್ಯಾಂಪಸ್ಸಿನ ಕಾಂಪೌಂಡಿನವರೆಗೆ. ಅಲ್ಲಿ ಗೇಟು ಇಲ್ಲ! ಗೇಟಿಗೆ ಸುತ್ತು ಬಳಸಿ ಹೋಗಬೇಕು, ಅಲ್ಲಿಂದ ಗುಡ್ಡೆ ಹತ್ತಬೇಕು, ಆಮೇಲೆ ನಮ್ಮ ಕ್ಲಾಸು. ಕೊಡೆ ಹಿಡಿದರೂ ಸೊಂಟದ ಕೆಳಗೆ ಚಂಡಿ, ಪೂರಾ ಒದ್ದೆ. ಕೇಳಿದ್ದಕ್ಕೆ ಅವನು, ‘ನಾನು ಕ್ಯಾಂಪಸ್ಸಿಗೆ ಹತ್ತಿರ ಅಂದದ್ದು, ಕ್ಲಾಸಿಗೆ ಅಂತ ಹೇಳಿದ್ದೇನಾ?’ ಅಂದ. ಇನ್ನು ಯಾರಾದರೂ ಆ ಕಡೆ ‘ಕ್ಯಾಂಪಸ್ಸಿನ ಪಕ್ಕ’ ಅಂದರೆ ಯಾವ ಗೇಟು, ಯಾವ ಬ್ಲಾಕು ಅಂತ ಕೇಳಿ.

ಸ್ವಲ್ಪ ದಿನ ಇದ್ದೆ. ಅಷ್ಟರಲ್ಲಿ ಹಾಸ್ಟೆಲ್ ಆಯ್ತು. ಹಣ ವಾಪಸು ಕೊಡಿ ಅಂದೆ. ಮೊದಲ ತಿಂಗಳಿನದ್ದು ಹೋದರೆ ಹೋಗಲಿ, ಅಡ್ವಾನ್ಸ್ ಆದರೂ ಕೊಡಬೇಕಲ್ಲ. ಅಡ್ವಾನ್ಸ್ ಅಂದರೆ ಬಿಡುವಾಗ ವಾಪಸು ಸಿಗುವ ಹಣ, ಇದು ಎಲ್ಲ ಕಡೆ ಇರುವ ಕ್ರಮ ಅಲ್ವಾ? ಕರೆಂಟಿನದ್ದು ಹಿಡೀಲಿ, ಮುರಿದದ್ದು ಏನಾದರೂ ಇದ್ದರೆ ಹಿಡೀಲಿ. ಇವನು ಹೇಳಿದ, ‘ಯಾವ ಅಡ್ವಾನ್ಸ್? ರಶೀದಿ ಓದು ತಂಗೀ.’

ರಶೀದಿ ಓದು! ನನಗೆ ಮಲಯಾಳ ಓದಲಿಕ್ಕೆ ಬರುವುದಿಲ್ಲ ಅಂತ ಗೊತ್ತಿದ್ದವ ಹೇಳುವ ಮಾತು ಇದು. ವಯನಾಡಿನ ಹುಡುಗಿಯ ಹತ್ತಿರ ಓದಿಸಿದೆ. ಅದರಲ್ಲಿ ಅಡ್ವಾನ್ಸ್ ಅನ್ನುವ ಮಾತೇ ಇಲ್ಲ. 5,000 ರೂಪಾಯಿ ‘ಬುಕಿಂಗ್ ಚಾರ್ಜು’, ಯಾವ ಕಾರಣಕ್ಕೂ ಹಿಂದಿರುಗಿಸುವುದಿಲ್ಲ, ಕೆಳಗೆ ನನ್ನ ಸಹಿ, ಅದೂ ಕನ್ನಡದಲ್ಲಿ. ಓದಿ ಮುಗಿಸಿದ ಮೇಲೆ ಅವಳಿಗೇ ಪಾಪ ಅನಿಸಿತು ಕಾಣ್ತದೆ, ‘ನನ್ನದರಲ್ಲೂ ಹೀಗೇ ಇತ್ತು, ನಾನು ಓದಿ ಗಲಾಟೆ ಮಾಡಿ ಹೊಡೆದು ಹಾಕಿಸಿದೆ’ ಅಂದಳು.

ಮನೆಯ ಏಚ್ಚಿಯ, ಅಂದರೆ ಯಜಮಾನಿ ಅಕ್ಕನ ಹತ್ತಿರ ಹೋದೆ. ಹೆಂಗಸು ಕೆಟ್ಟವರಲ್ಲ, ಅಡುಗೆಯೂ ಪರವಾಗಿಲ್ಲ. ‘ಎನಕ್ಕ್ ಅರಿಯೂಲ ಮೋಳೇ’, ನನಗೆ ಗೊತ್ತಿಲ್ಲ ಮಗಳೇ, ಅಂದರು. ಅವರ ಕೈಗೆ ಬಂದದ್ದು 3,500 ಮಾತ್ರ ಅಂತೆ. 5,000 ಅವನು ತಿಂದದ್ದು, ಆರು ಮಂಚದಿಂದಲೂ ತಿಂದದ್ದು. ಅವರಿಗೆ ಅದು ಗೊತ್ತೇ ಇರಲಿಲ್ಲ ಅಂತ ನಾನು ನಂಬುವುದಿಲ್ಲ. ಗೊತ್ತಿದ್ದೂ ಬೇಡ ಅಂತ ಬಾಯಿ ಮುಚ್ಚಿದ್ದು.

ಮತ್ತೆ ಅವನಿಗೆ ಫೋನು. ಈಗ ಅವನ ಕನ್ನಡವೇ ಬೇರೆ. ‘ನೋಡಮ್ಮಾ’ ಅಂತ ಶುರು. ತಂಗಿ ಹೋಗಿ ಅಮ್ಮ ಆಯ್ತು. ‘ನೋಡಮ್ಮಾ, ಯೂನಿವರ್ಸಿಟಿಯಲ್ಲೇ ಫೀಸು ಕಟ್ಟಿ ಬಿಟ್ಟರೆ ವಾಪಸು ಕೊಡುವುದಿಲ್ಲ, ನಾನು ಎಲ್ಲಿಂದ ಕೊಡ್ಲಿ?’ ಇದೂ ಸುಳ್ಳು. ಯುಜಿಸಿಯ 2018ರ ಆ ಆದೇಶದಲ್ಲೇ ಉಂಟು, ಅಡ್ಮಿಷನಿನ ಕೊನೆಯ ದಿನಾಂಕಕ್ಕೆ 15 ದಿನವೋ ಅದಕ್ಕಿಂತ ಹೆಚ್ಚೋ ಇರುವಾಗ ಬಿಟ್ಟರೆ ಸಣ್ಣದೊಂದು ಪ್ರೊಸೆಸಿಂಗ್ ಕಡಿತ ಬಿಟ್ಟು ಪೂರ್ತಿ ಹಣ, ಕೊನೆಯ ದಿನಾಂಕ ದಾಟಿದ ಮೇಲೂ 15 ದಿನದೊಳಗೆ ಬಿಟ್ಟರೆ ನೂರಕ್ಕೆ 80, 30 ದಿನದೊಳಗೆ ಆದರೆ 50. ನಾನು ಇದನ್ನು ಹೇಳಿದೆ. ‘ಹಾಗಾದರೆ ಯುಜಿಸಿಯ ಹತ್ತಿರ ಹೋಗಿ ಕೇಳು’ ಅಂದ. ಆಮೇಲೆ ನನ್ನ ನಂಬರು ಬ್ಲಾಕ್.

ಅಪ್ಪನ ಫೋನಿನಿಂದ ಮಾಡಿದರೆ ತೆಗೆದ. ‘ಮಾವ, ಹೆಣ್ಣುಮಕ್ಕಳ ವಿಷಯ, ಸುಮ್ಮನೆ ದೊಡ್ಡದು ಮಾಡಬೇಡಿ, ಹೆಸರು ಹಾಳಾಗ್ತದೆ’ ಅಂದನಂತೆ. ಯಾರ ಹೆಸರು? ನಾನು ಎಂತ ಮಾಡಿದ್ದೇನೆ ಹೆಸರು ಹಾಳಾಗ್ಲಿಕ್ಕೆ? ಹಣ ತಿಂದದ್ದು ಅವನು. ಅಪ್ಪ ಆ ಮಾತಿಗೆ ಹೆದರಿ ‘ಬಿಡು, ಐದು ಸಾವಿರ ಹೋಯ್ತು ಅಂತ ತಿಳ್ಕೊಳ್ಳುವ’ ಅಂದರು. ನನಗೆ ಎಲ್ಲದಕ್ಕಿಂತ ಸಿಟ್ಟು ಬಂದದ್ದು ಇಲ್ಲಿ. ಅಡಿಕೆಯ ರೇಟು ಕೇಳಿದ ಅದೇ ಬಾಯಿಯಿಂದ ಅಪ್ಪನನ್ನು ಹೆದರಿಸಿದ. ನೆಂಟಸ್ತಿಕೆ ಹೇಳಿ ಹಣ ತೆಗೊಂಡ, ನೆಂಟಸ್ತಿಕೆ ಹೇಳಿಯೇ ಬಾಯಿ ಮುಚ್ಚಿಸಿದ. ಬಿಡುವ ಮಾತೇ ಇಲ್ಲ.

‘ನೀವು ಕಾಸರಗೋಡಿನವರು, ಮಲಯಾಳ ಕಲಿಯಬೇಕಿತ್ತು’ ಅಂತ ಬುದ್ಧಿ ಹೇಳ್ಲಿಕ್ಕೆ ಬರುವವರು ಬರ್ತೀರಿ, ಗೊತ್ತು. ನಾನು ಕಲಿತ ಕಾಲದಲ್ಲಿ ನಮ್ಮ ಶಾಲೆಯಲ್ಲಿ ಇರಲಿಲ್ಲ. ಎಲ್ಲ ಶಾಲೆಗಳಲ್ಲೂ ಮಲಯಾಳ ಕಡ್ಡಾಯ ಅಂತ ಕಾನೂನು ಬಂದದ್ದೇ 2017ರಲ್ಲಿ, ಅದಕ್ಕೆ ನಮ್ಮ ಕಡೆ ಎಷ್ಟು ಪ್ರತಿಭಟನೆ ಆಯ್ತು ಅಂತ ನಿಮಗೆಲ್ಲ ಗೊತ್ತುಂಟು. ಅದು ಬೇರೆ ವಿಷಯ, ಇಲ್ಲಿ ಬೇಡ. ಓದಲಿಕ್ಕೆ ಬಾರದವಳ ಕೈಗೆ ಬೇಕೆಂದೇ ಅಂಥ ಕಾಗದ ಕೊಟ್ಟದ್ದು ಮೋಸ, ಅಷ್ಟೇ.

ಹೋಗುವವರು ಇಷ್ಟು ಮಾಡಿ. ಅಡ್ವಾನ್ಸನ್ನು ಮನೆಯವರ ಕೈಗೇ, ಮನೆ ನೋಡಿದ ಮೇಲೆಯೇ ಕೊಡಿ, ನಡುವಿನವನಿಗೆ ಒಂದು ರೂಪಾಯಿ ಕೂಡ ಕೊಡಬೇಡಿ. ಗೂಗಲ್ ಪೇ ಮಾಡುವಾಗ ‘ವಾಪಸು ಸಿಗುವ ಅಡ್ವಾನ್ಸ್’ ಅಂತ ಅಲ್ಲೇ ಬರೆದು ಕಳಿಸಿ. ಮಲಯಾಳ ಕಾಗದ ಕೊಟ್ಟರೆ ಫೋಟೋ ತೆಗೆದು ಗೊತ್ತಿರುವವರಿಗೆ ಕಳಿಸಿ ಓದಿಸಿ, ಓದಿಸುವವರೆಗೆ ಸಹಿ ಬೇಡ, ಅವನು ಎಷ್ಟು ಅವಸರ ಮಾಡಿದರೂ ಬೇಡ. ಮೊದಲು ಅಲ್ಲಿ ಇರುವ ಒಬ್ಬ ಹುಡುಗಿಯ ನಂಬರು ಕೇಳಿ. ಕೊಡುವುದಿಲ್ಲ ಅಂದರೆ ಮಾತು ಅಲ್ಲಿಗೇ ಮುಗಿಸಿ. ಮುಳ್ಳೇರಿಯ ಆಗಲಿ ಅವನ ಅಜ್ಜನ ಮನೆ ಪೆರ್ಲವೇ ಆಗಲಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡುವ ಅರ್ಜಿಯೂ ತಯಾರಾಗ್ತಾ ಉಂಟು. 5 ಲಕ್ಷದ ಒಳಗಿನ ವ್ಯವಹಾರಕ್ಕೆ ಅಲ್ಲಿ ಫೀಸು ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಒಡಿಶಾದವಳೂ ತಮಿಳಿನವಳೂ ತಮ್ಮ ರಶೀದಿ ಕೊಟ್ಟಿದ್ದಾರೆ, ಮೂರರಲ್ಲೂ ಒಂದೇ ಅಚ್ಚು, ಹೆಸರು ಮಾತ್ರ ಬೇರೆ. ನಿಮ್ಮ ಹತ್ತಿರವೂ ಅಂಥದ್ದು ಇದ್ದರೆ, ಹಳೆಯದಾದರೂ ಪರವಾಗಿಲ್ಲ, ಹರಿದು ಬಿಸಾಡಬೇಡಿ, ನನಗೆ ಮೆಸೇಜು ಮಾಡಿ. ಅವನ ಹಳೆಯ ವಾಯ್ಸ್ ಮೆಸೇಜುಗಳನ್ನೂ ಅಳಿಸಬೇಡಿ, ‘ತಂಗೀ’ ಅನ್ನುವಂಥವು ಇದ್ದರೆ ಅದೇ ಮೊದಲು ಬೇಕು.