ಬಾಲವಿಹಾರವೋ, ಸ್ಕೌಟೋ?

ಮಗುವಿಗೆ ಒಳ್ಳೆ ನಡತೆ ಬರಲಿ ಅಂತ ತರಗತಿ ಹುಡುಕುತ್ತಿದ್ದೀರಾ? ಊರಲ್ಲಿ ಸುಲಭವಾಗಿ ಸಿಗುವ ಎರಡನ್ನು ನೋಡೋಣ: ಚಿನ್ಮಯ ಮಿಷನ್‌ನ ಬಾಲವಿಹಾರ, ಶಾಲೆಗಳಲ್ಲಿರುವ ಸ್ಕೌಟ್ಸ್ ಮತ್ತು ಗೈಡ್ಸ್.

ಬಾಲವಿಹಾರದಲ್ಲಿ ಶ್ಲೋಕ, ಭಜನೆ, ಪುರಾಣದ ಕಥೆ. ಆರೇಳು ವರ್ಷದವರಿಗೆ ಹೇಳಿ ಮಾಡಿಸಿದ ಹಾಗಿದೆ. ಪ್ರಹ್ಲಾದನ ಕಥೆ ಕೇಳಿ ಬಂದ ಮಗು ರಾತ್ರಿ "ಅಷ್ಟು ದೊಡ್ಡ ನರಸಿಂಹ ಕಂಬದೊಳಗೆ ಹೇಗಿದ್ದ?" ಅಂತ ಕೇಳಿದರೆ ಕೆಲಸ ಶುರುವಾಯಿತು ಅಂತಲೇ ಲೆಕ್ಕ. ಬರೀ ಬಾಯಿಪಾಠವಾದರೆ ಸುಮ್ನೆ.

ಸ್ಕೌಟಿಂಗ್ ಬೆಳೆದದ್ದು 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನಲ್ಲಿ ನಡೆಸಿದ ಶಿಬಿರದಿಂದ. ಇಲ್ಲೂ ಪ್ರಾರ್ಥನೆ ಇದೆ, ಪ್ರತಿಜ್ಞೆಯಲ್ಲಿ ದೇವರೂ ಬರುತ್ತಾನೆ. ಆದರೆ ಕಲಿಕೆ ಕೈಯಿಂದ. ಗಂಟು ಹಾಕುವುದು, ಟೆಂಟ್ ನಿಲ್ಲಿಸುವುದು, ದಿನಕ್ಕೊಂದು ಒಳ್ಳೆ ಕೆಲಸ. ಶಿಬಿರದಲ್ಲಿ ಅನ್ನ ಸೀದರೆ ಎಲ್ಲರಿಗೂ ಅದೇ ಊಟ. ಮಾಡಿದವನನ್ನು ಬೈಯುವುದೋ, ನಕ್ಕು ಹಂಚಿಕೊಳ್ಳುವುದೋ, ಅದು ಮಕ್ಕಳ ತೀರ್ಮಾನ. ಈ ಪಾಠ ತರಗತಿಯಲ್ಲಿ ಸಿಗೋದಿಲ್ಲ.

ಚಿಕ್ಕವರಿಗೆ ಬಾಲವಿಹಾರ ಸಾಕು. 13 ದಾಟಿದವರಿಗೆ ನನ್ನ ಓಟು ಸ್ಕೌಟಿಗೆ. ಆ ವಯಸ್ಸಲ್ಲಿ ಅಮ್ಮನಿಗಿಂತ ಗೆಳೆಯರ ಮಾತೇ ಜಾಸ್ತಿ ನಾಟುತ್ತದೆ, ಅಲ್ವಾ? ಎಲ್ಲೇ ಸೇರಿಸಿ, ಮೊದಲು ಒಂದು ದಿನ ಹೋಗಿ ಕೂತು ನೋಡಿ. ಮಕ್ಕಳು ಎದುರು ಪ್ರಶ್ನೆ ಹಾಕಿದಾಗ ಕಲಿಸುವವರು ಸಿಡುಕಿದರೆ ಬೇರೆ ಕಡೆ ಹುಡುಕಿ.