ತೀರ್ಥಹಳ್ಳಿ ಟೈಲರ್ ಹೊಲಿದುಕೊಟ್ಟ ಉಂಬಳದ ಸಾಕ್ಸ್

ಆಗುಂಬೆ ಹತ್ತಿರದ ಕಾಡಿನಲ್ಲಿ ಶಾಲೆ ಮಕ್ಕಳಿಗೆ ಪರಿಸರ ಶಿಬಿರ ನಡೆಸುವುದು ನನ್ನ ಕೆಲಸ. ಇದು ಮೂರನೇ ಮಳೆಗಾಲ. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಹೊಯ್ಯುವ ಈ ಕಡೆ, ಮಕ್ಕಳಿಗೆ ಏನು ಕಲಿಸಬೇಕಾದರೂ ಮೊದಲು ಅವರು ಐದು ನಿಮಿಷ ಒಂದೇ ಕಡೆ ನಿಲ್ಲಬೇಕು. ನಿಂತರೆ ಉಂಬಳ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆ, ಹತ್ತುತ್ತದೆ. ಮೂವತ್ತು ಮಕ್ಕಳು ಕಾಲು ಕೊಡವುತ್ತಾ ಕುಣಿಯುವಾಗ ಯಾವ ಕಪ್ಪೆ ತೋರಿಸುವುದು?

ಮೊದಲ ವರ್ಷ ಉಂಬಳ ಕಚ್ಚದಂತೆ ಕಾಲಿಗೆ ಹಾಕುವ ಸಾಕ್ಸನ್ನು ಆನ್‌ಲೈನಿನಲ್ಲಿ ಒಂದು ಜೊತೆಗೆ 550 ರೂಪಾಯಿ ಕೊಟ್ಟು ತರಿಸಿದೆ, ನೈಲಾನಿನದ್ದು. ಒಳಗೆ ಕಾಲು ಬೆಂದುಹೋಗುತ್ತಿತ್ತು. ಜುಲೈ ಮುಗಿಯುವಷ್ಟರಲ್ಲಿ ಹಿಮ್ಮಡಿಯ ಹೊಲಿಗೆ ಬಿಟ್ಟಿತು; ಆ ತೂತು ನನಗಿಂತ ಮೊದಲು ಉಂಬಳಗಳಿಗೆ ಗೊತ್ತಾಯಿತು.

ಹರಿದದ್ದನ್ನೇ ಮಾದರಿಗೆ ಹಿಡಿದುಕೊಂಡು ತೀರ್ಥಹಳ್ಳಿಯ ಒಂದು ಟೈಲರ್ ಅಂಗಡಿಗೆ ಹೋದೆ. ಒಂದೇ ಮಿಷನ್ನು, ಹೆಚ್ಚಾಗಿ ಸ್ಕೂಲ್ ಯೂನಿಫಾರಂ ಕೆಲಸ.

"ಎಂತ ಮೇಡಂ ಇದು, ದಿಂಬಿನ ಕವರಾ?"

"ಅಲ್ಲ, ಉಂಬಳಕ್ಕೆ."

"ಉಂಬಳಕ್ಕೂ ಅಂಗಿ ಹೊಲಿಸ್ತಾರಾ ಈಗ! ನಮ್ಮಪ್ಪ ತೋಟಕ್ಕೆ ಹೋಗೋವಾಗ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಕೊಳ್ತಿದ್ರು, ಅಷ್ಟೇ."

ನಕ್ಕರೂ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ಕೋರಾ ಬಟ್ಟೆ ಅಂದುಕೊಂಡಿದ್ದೆ. ಅದರ ನೇಯ್ಗೆ ಸಡಿಲ, ಒತ್ತಾಗಿ ನೇಯ್ದ ದಪ್ಪ ಡ್ರಿಲ್ ಬಟ್ಟೆ ಆಗಲಿ ಎಂದವರು ಅವರೇ. ಪಿ.ಟಿ. ಪ್ಯಾಂಟಿಗೆಂದು ತಂದಿಟ್ಟ ಬಿಳಿ ಡ್ರಿಲ್ ಇತ್ತು. ಮಂಡಿವರೆಗೆ ಎತ್ತರ, ಮೇಲೆ ಲಾಡಿ, ಮೂರು ಅಳತೆ. ಜೊತೆಗೆ 160 ರೂಪಾಯಿಯಂತೆ ನಲವತ್ತು ಜೊತೆ. ಹತ್ತು ದಿನ ಅಂದವರು ಮೂರು ವಾರ ತೆಗೆದುಕೊಂಡರು.

ಬಿಳಿ ಬಣ್ಣ ಎಷ್ಟು ಉಪಕಾರ ಅನ್ನುವುದು ಕಾಡಿಗೆ ಹೋದಮೇಲೆ ತಿಳಿಯಿತು. ಹಸಿದ ಉಂಬಳ ಬೆಂಕಿಕಡ್ಡಿಗಿಂತ ಸಪೂರ, ನೀಲಿ ಜೀನ್ಸ್ ಮೇಲೆ ಕಾಣುವುದೇ ಇಲ್ಲ. ಇದರ ಮೇಲೆ ಶೂನಿಂದ ಹೊರಟು ಗೇಣು ಹಾಕುತ್ತಾ ಏರುವುದು ಸ್ಪಷ್ಟ ಕಾಣುತ್ತದೆ. ಬೆಂಗಳೂರಿನ ಹುಡುಗನೊಬ್ಬ ತನ್ನ ಕಾಲನ್ನೇ ಬಗ್ಗಿ ನೋಡುತ್ತಾ, "ಮಿಸ್, ಇದಕ್ಕೆ ಎರಡೂ ಕಡೆ ಬಾಯಿ ಇದ್ಯಾ?" ಅಂದ. ಅಂಟಿಕೊಳ್ಳುವ ಬಟ್ಟಲು ಎರಡೂ ತುದಿಯಲ್ಲಿದೆ, ಬಾಯಿ ಒಂದರಲ್ಲೇ. ಹಿಂದಿನ ವರ್ಷವಾಗಿದ್ದರೆ ಆ ಹುಡುಗ ಅಷ್ಟೊತ್ತಿಗೆ ಜೀಪಿನ ಹತ್ತಿರ ಓಡಿರುತ್ತಿದ್ದ. ಅವತ್ತು ಅಲ್ಲೇ ನಿಂತು, ಹೊಂಡದ ಮೇಲೆ ಬಾಗಿದ ಎಲೆಯಲ್ಲಿ ಹಾರುವ ಕಪ್ಪೆ ಕಟ್ಟಿದ್ದ ನೊರೆಗೂಡನ್ನೂ ನೋಡಿದ. ಮರಿಗಳು ಅಲ್ಲಿಂದ ನೇರ ನೀರಿಗೇ ಬೀಳುತ್ತವೆ ಅಂದಾಗ, ಈಗಲೇ ಬೀಳುತ್ತವೇನೋ ಎಂದು ಕಾಯುತ್ತಾ ಕೂತ.

ತೊಂದರೆ ಇಲ್ಲವೆಂದಲ್ಲ. ಮೊದಲ ಕಂತಿನಲ್ಲಿ ಬೆರಳ ತುದಿಯ ಹೊಲಿಗೆ ಒಳಗೆ ಬಂದು ನಾಲ್ಕು ಮಕ್ಕಳಿಗೆ ಬೊಕ್ಕೆ ಎದ್ದಿತು. ವಾಪಸ್ ಕೊಟ್ಟಾಗ ಟೈಲರ್ ದುಡ್ಡು ಕೇಳದೆ ಹೊಲಿಗೆಯನ್ನು ಹೊರಗೆ ತಿರುಗಿಸಿಕೊಟ್ಟರು. ಬಟ್ಟೆ ದಪ್ಪ, ಶೂ ಒಂದು ಸೈಜ್ ದೊಡ್ಡದು ಬೇಕು. ಹತ್ತು ನಿಮಿಷಕ್ಕೊಮ್ಮೆ ತಟ್ಟಿಕೊಳ್ಳದಿದ್ದರೆ ಉಂಬಳ ಲಾಡಿ ದಾಟಿ ತೊಡೆಗೆ ಹೋಗುತ್ತದೆ. ಹಾಗೆ ಕಚ್ಚಿಸಿಕೊಂಡ ಹುಡುಗಿಯ ಚಡ್ಡಿ ರಕ್ತವಾದದ್ದು ಕಂಡು ಜೊತೆಗೆ ಬಂದಿದ್ದ ಟೀಚರ್ ಬೆವತುಹೋದರು. ರಕ್ತ ಹೆಪ್ಪುಗಟ್ಟಲು ಬಿಡದ ಅಂಶ ಉಂಬಳದ ಜೊಲ್ಲಿನಲ್ಲಿದೆ, ಅದಕ್ಕೇ ಅಷ್ಟು ಹೊತ್ತು ಸೋರುವುದು ಎಂದು ನಾನು ವಿವರಿಸಿದ್ದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಒಣಗುವುದಂತೂ ಕೇಳಬೇಡಿ. ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿದರೂ ಎರಡು ದಿನ ಬೇಕು. ನಲವತ್ತು ಜೊತೆಗೂ ಈಗ ಹೊಗೆ ವಾಸನೆ. ನಮ್ಮ ಜೊತೆ ದಾರಿ ತೋರಿಸಲು ಬರುವ ಅಣ್ಣ ಹವಾಯಿ ಚಪ್ಪಲಿಯಲ್ಲೇ ನಡೆಯುತ್ತಾರೆ, ಹತ್ತಿದ್ದನ್ನು ಬೆರಳಲ್ಲಿ ಉಂಡೆ ಮಾಡಿ ಎಸೆಯುತ್ತಾರೆ. ನಮ್ಮ ಸಾಲು ನೋಡಿದರೆ ಅವರಿಗೆ ನಗು.

ಇನ್ನೊಂದು ವಿಷಯ. ಬೇಸಿಗೆಯಲ್ಲಿ ಇದನ್ನೇ ಹಾಕಿಕೊಂಡು ಉಣುಗಿನಿಂದ (ಉಣ್ಣೆಹುಳದಿಂದ) ಬಚಾವು ಅಂದುಕೊಳ್ಳಬೇಡಿ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮರಿ ಉಣುಗು ಕಣ್ಣಿಗೆ ಬೀಳುವುದೇ ಕಷ್ಟ. ಆ ತಿಂಗಳುಗಳಲ್ಲಿ ನಾನು ಮಕ್ಕಳನ್ನು ಕಾಡಿಗೆ ಕರೆದೊಯ್ಯುವುದಿಲ್ಲ. ನಾನೊಬ್ಬಳೇ ಹೋಗಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡೇ ಹೋಗುತ್ತೇನೆ.

ನೀವೂ ಯಾವುದಾದರೂ ಟೈಲರ್ ಹತ್ತಿರ ಹೊಲಿಸುವುದಾದರೆ ಏಪ್ರಿಲ್‌ನಲ್ಲೇ ಬಟ್ಟೆ ಕೊಡಿ. ಮೇ ಬಂದರೆ ಯೂನಿಫಾರಂ ರಾಶಿಯ ಅಡಿಗೆ ಬೀಳುತ್ತದೆ. ಲಾಡಿ ಮಾತ್ರ ನೀವೇ ತಂದುಕೊಡಿ, ಅವರು ಹಾಕಿದ್ದು ಮೂರೇ ಒಗೆತಕ್ಕೆ ತುಂಡಾಯಿತು.